ಬೂದು ಕೋಳಿಯ ಬೆನ್ನು

ನಮ್ಮ ಗಾಳಿಗಿರಣಿ ಕೊಂಡ ರುಟ್ಗರ್ ನನ್ನನ್ನು ಕೇಳಿದ್ದು ಒಂದೇ ಒಂದು ಪುಟ. ಗಿರಣಿಯ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆದುಕೊಟ್ಟರೆ ಚೌಕಟ್ಟು ಹಾಕಿಸಿ ಬಾಗಿಲ ಪಕ್ಕ ತೂಗುಹಾಕುತ್ತೇನೆ ಎಂದಿದ್ದ. ಬಂದ ಅತಿಥಿಗಳು ಕೋಟು ಬಿಚ್ಚುತ್ತಾ ಅದನ್ನು ಓದಬೇಕು, ಓದಿ ಹುಬ್ಬೇರಿಸಬೇಕು, ಆಮೇಲೆ ಒಳಗೆ ಹೋಗಿ ವೈನ್ ಕುಡಿಯಬೇಕು. ನಾನು ಬರೆದುಕೊಟ್ಟೆ. ಅವನು ಹಸಿರು ಪೆನ್ನಿನಿಂದ ತಿದ್ದಿ ವಾಪಸು ಕಳಿಸಿದ. ಇಲಿಗಳನ್ನು ಹೊಡೆದುಹಾಕಿದ್ದ. ನನ್ನ ಅಜ್ಜ ಹಿಟ್ಟಿಗೆ ಹೊಟ್ಟು ಬೆರೆಸುತ್ತಿದ್ದದ್ದನ್ನು ಹೊಡೆದುಹಾಕಿದ್ದ. ಹಲ್ಲುಚಕ್ರಕ್ಕೆ ಸಿಕ್ಕಿ ಮುತ್ತಜ್ಜನ ಎಡಗೈ ಹೋದದ್ದನ್ನೂ ಹೊಡೆದುಹಾಕಿ, ಅಂಚಿನಲ್ಲಿ ‘ಸ್ವಲ್ಪ ಲವಲವಿಕೆ ಇರಲಿ’ ಎಂದು ಬರೆದಿದ್ದ. ಎಲ್ಲಕ್ಕಿಂತ ಕೆಳಗೆ ನನ್ನ ಅಣ್ಣ ಫೋಕ್ಕೊನ ಶವಯಾತ್ರೆಯ ವಿಷಯವಿತ್ತು. ಅದರ ಮೇಲೆ ಒಂದಲ್ಲ, ಎರಡು ಗೆರೆ.

ಆ ಹಾಳೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುತ್ತಿ ಬಿಸಾಕಿದೆ. ಅದರ ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಇದಕ್ಕೆ ಚೌಕಟ್ಟು ಬೇಡ.

ನಮ್ಮ ಗಿರಣಿಯ ಹೆಸರು ಬೂದು ಕೋಳಿ. ದೂರದಿಂದ ನೋಡಿದರೆ ಜೊಂಡಿನ ಹೊದಿಕೆ ಹೊದ್ದು, ಗರಿ ಉಬ್ಬಿಸಿಕೊಂಡು ಕಾವು ಕೂತ ಕೋಳಿಯ ಹಾಗೆಯೇ ಕಾಣುತ್ತದೆ. ಮೇಡರ್‌ಹೋರ್ನ್ ಊರಿನ ಏರಿಯ ಕೆಳಗೆ, ಹದಿನೆಂಟುನೂರ ನಲವತ್ತಮೂರರಲ್ಲಿ, ಮುತ್ತಜ್ಜನ ಅಪ್ಪ ಕಟ್ಟಿಸಿದ್ದು. ಐದು ತಲೆಮಾರಿನ ಗಂಡಸರು ಅದರಲ್ಲಿ ರೈ, ಬಾರ್ಲಿ, ಹಂದಿಗೆ ಹಾಕುವ ಓಟ್ಸ್ ಬೀಸಿದರು. ಫೋಕ್ಕೊ ಒಬ್ಬನನ್ನು ಬಿಟ್ಟು ಎಲ್ಲರೂ ಕಿವುಡರಾಗಿ ಸತ್ತರು. ದೊಡ್ಡ ಸಂಗತಿಗಳೇನೂ ಅಲ್ಲಿ ನಡೆಯಲಿಲ್ಲ. ಯುದ್ಧದ ಕೊನೆಯ ಚಳಿಗಾಲದಲ್ಲಿ, ಜರ್ಮನರ ಲಾರಿ ಊರಿನ ಏರಿಯನ್ನು ಹತ್ತುವುದು ಕಂಡ ಕೂಡಲೇ ಅಪ್ಪ ರೆಕ್ಕೆಗಳನ್ನು ಒಂದು ರೀತಿ ನಿಲ್ಲಿಸುತ್ತಿದ್ದನಂತೆ, ಹುಲ್ಲಿನ ಅಟ್ಟದಲ್ಲಿ ಅಡಗಿದ್ದವರು ಅದನ್ನು ನೋಡಿ ಜೌಗಿನ ಕಡೆ ಓಡುತ್ತಿದ್ದರಂತೆ. ರುಟ್ಗರ್ ಉಳಿಸಿಕೊಂಡದ್ದು ಇದೊಂದನ್ನೇ. ‘ರೋಮಾಂಚಕ’ ಎಂದು ಹಸಿರಿನಲ್ಲಿ ಬರೆದಿದ್ದ.

ರೆಕ್ಕೆ ಎಂದರೆ ನಮ್ಮಲ್ಲಿ ಗಿರಣಿಯ ಬಾಯಿ. ನಿಂತ ಗಿರಣಿ ಸುಮ್ಮನೆ ನಿಂತಿರುವುದಿಲ್ಲ, ಏನೋ ಹೇಳುತ್ತಿರುತ್ತದೆ. ಎದುರಿಗೆ ನಿಂತು ನೋಡಿದರೆ ರೆಕ್ಕೆ ಬಲಗಡೆಯಿಂದ ನೆತ್ತಿಗೆ ಏರಿ ಎಡಕ್ಕೆ ಇಳಿಯುತ್ತದೆ. ಮೇಲಿನ ರೆಕ್ಕೆ ಇನ್ನೂ ನೆತ್ತಿ ಮುಟ್ಟುವ ಮೊದಲೇ, ಬಲಕ್ಕೆ ವಾಲಿರುವಾಗಲೇ ತಡೆಹಗ್ಗ ಎಳೆದು ನಿಲ್ಲಿಸಿದರೆ ಸಂತೋಷ. ಏನೋ ಬರುತ್ತಿದೆ ಎಂದು ಅರ್ಥ: ಮದುವೆಯೋ, ಮಗುವೋ. ನೆತ್ತಿ ದಾಟಿ ಎಡಕ್ಕೆ ಸ್ವಲ್ಪ ಇಳಿದ ಮೇಲೆ ನಿಲ್ಲಿಸಿದರೆ ಸಾವು. ಯಾರೋ ಹೋಗುತ್ತಿದ್ದಾರೆ. ನಮ್ಮೂರ ಮಕ್ಕಳು ಎಡಬಲ ಕಲಿಯುವುದೇ ಹೀಗೆ. ಊರಿನಲ್ಲಿ ಯಾರು ಸತ್ತರೂ, ಸಾಯುವ ಮೊದಲು ಅವರಿಗೂ ನಮಗೂ ಮಾತು ಬಿಟ್ಟಿದ್ದರೂ, ಹೆಣ ಮಣ್ಣಿಗೆ ಹೋಗುವ ತನಕ ರೆಕ್ಕೆ ಎಡಕ್ಕೆ ವಾಲಿರುತ್ತಿತ್ತು. ಶವ ಗಿರಣಿಯ ಮುಂದಿನ ರಸ್ತೆಯಲ್ಲೇ ಇಗರ್ಜಿಗೆ ಹೋಗಬೇಕು. ಗಿರಣಿಯ ಎದುರು ಎಲ್ಲರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಅಪ್ಪ ಸತ್ತಾಗ ಫೋಕ್ಕೊ ನಿಲ್ಲಿಸಿದ. ಅಮ್ಮ ಸತ್ತಾಗಲೂ ಅವನೇ.

ಹಗ್ಗ ಎಳೆಯುವುದನ್ನು ಅಪ್ಪ ನನಗೂ ಕಲಿಸಿದ್ದ, ಹನ್ನೆರಡನೇ ವಯಸ್ಸಿನಲ್ಲಿ. ಸೂತಕಕ್ಕೆ ನಿಲ್ಲಿಸುವುದರಲ್ಲಿ ನಾನು ತಪ್ಪುತ್ತಿರಲಿಲ್ಲ. ಕಷ್ಟವಾಗುತ್ತಿದ್ದದ್ದು ಸಂತೋಷಕ್ಕೆ ನಿಲ್ಲಿಸುವುದು. ಎಲ್ಲಿ ಜಾರಿ ನೆತ್ತಿ ದಾಟಿ, ಮದುವೆ ಮನೆಗೆ ಸಾವು ಸಾರಿಬಿಡುತ್ತೇನೋ ಎಂಬ ಹೆದರಿಕೆ. ಅದಕ್ಕೇ ಒಂದು ಮೊಳ ಮುಂಚೆಯೇ ಎಳೆದುಬಿಡುತ್ತಿದ್ದೆ. ರೆಕ್ಕೆ ಬಲಕ್ಕೆ ಜಾಸ್ತಿಯೇ ವಾಲಿ ನಿಲ್ಲುತ್ತಿತ್ತು. "ನಮ್ ಹಿಲ್ಕೇದು ಸಂತೋಷ ಯಾವಾಗ್ಲೂ ಒಂದು ಮೊಳ ಮುಂಚೆ," ಎಂದು ಅಪ್ಪ ಊರಿನವರ ಮುಂದೆಲ್ಲ ನಗುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು.

ಬೀಸುವ ಕೆಲಸ ನಿಂತು ಎಷ್ಟೋ ವರ್ಷವಾದರೂ ಫೋಕ್ಕೊ ಪ್ರತಿ ಶನಿವಾರ ಗಿರಣಿ ತಿರುಗಿಸುತ್ತಿದ್ದ. ಮದುವೆಯಾಗಲಿಲ್ಲ. ಏರಿಯ ಮೇಲಿನ ಚಿಕ್ಕ ಮನೆಯಲ್ಲಿ, ಕಿಟಕಿಯಿಂದ ಗಿರಣಿ ಕಾಣುವಂತೆ ಕುರ್ಚಿ ಹಾಕಿಕೊಂಡು ಇದ್ದ. ಆಮೇಲೆ ಅವನ ಸೊಂಟ ಹೋಯಿತು, ಏಣಿ ಹತ್ತಲಾಗಲಿಲ್ಲ. ಜೊಂಡು ಕೊಳೆಯಿತು, ಮಳೆ ಒಳಗೆ ಸುರಿಯಿತು. ಮಾರೋಣ ಎಂದು ಹಟ ಹಿಡಿದವಳು ನಾನು.

"ಮಾರೋದಾದ್ರೆ ಮಾರು. ಆದ್ರೆ ಅದು ತಿರುಗ್ಬೇಕು," ಎಂದ ಫೋಕ್ಕೊ.

ಆಮ್‌ಸ್ಟರ್‌ಡ್ಯಾಮಿನಿಂದ ರುಟ್ಗರ್ ಬಂದ, ಹೆಂಡತಿ ಮಾರ್ಲೂಸ್ ಜೊತೆ. ಬಿಳಿ ಬೂಟು. ಅರವತ್ತೆರಡು ವರ್ಷದ ನನ್ನನ್ನು ನೋಡಿದ ಮೊದಲ ನಿಮಿಷಕ್ಕೇ ‘ನೀನು’ ಎಂದ, ಅದು ಅವರಲ್ಲಿ ಸ್ನೇಹವಂತೆ. ರೆಕ್ಕೆಗಳನ್ನು ಹೊತ್ತ ಅಚ್ಚುಮರಕ್ಕೆ ಕೈ ಇಟ್ಟು ಕಣ್ಣು ಮುಚ್ಚಿಕೊಂಡು, "ಪ್ರತಿ ಶನಿವಾರ ತಿರುಗುತ್ತೆ, ನನ್ ಮಾತು," ಎಂದ. ಫೋಕ್ಕೊ ನನ್ನ ಕಡೆ ನೋಡಿ, "ಬರೀ ಮಾತು ಸಾಕಾ?" ಎಂದು ಕೇಳಿದ. ಸಾಕು ಎಂದವಳೂ ನಾನೇ.

ಅವರು ಒಂದು ವರ್ಷ ಒಡೆದರು, ಕಟ್ಟಿದರು. ಬೀಸುಕಲ್ಲನ್ನು ಮಲಗಿಸಿ ಸೋಫಾದ ಮುಂದೆ ಮೇಜು ಮಾಡಿದರು. ಅದರ ಮೇಲೆ ಕಾಲು ಚಾಚಿ ಕೂರುತ್ತಾರೆ. ಊರಿನ ಅರ್ಧ ಜನರ ರೊಟ್ಟಿ ಬೀಸಿದ ಕಲ್ಲಿನ ಮೇಲೆ ಹಿಮ್ಮಡಿ ಇಟ್ಟು, ಬೆರಳ ಸಂದಿ ಕೆರೆದುಕೊಳ್ಳುತ್ತಾರೆ. ಹಿಟ್ಟು ಇಳಿಯುವ ಮರದ ಕೊಳವೆ ಇತ್ತಲ್ಲ, ಮೂರು ಮಹಡಿ ಉದ್ದದ್ದು, ಐದು ತಲೆಮಾರಿನ ಹಿಟ್ಟು ಉಜ್ಜಿ ಉಜ್ಜಿ ಒಳಗೆಲ್ಲ ಗಾಜಿನಂತೆ ನುಣುಪಾಗಿತ್ತು, ಅದರಲ್ಲಿ ಮೈಲಿಗೆ ಬಟ್ಟೆ ಇಳಿಬಿಡುತ್ತಾರೆ. ಮೇಲಿನಿಂದ ಕಾಲುಚೀಲ, ಚಡ್ಡಿ ಹಾಕಿದರೆ ಕೆಳಗೆ ಬಟ್ಟೆ ಒಗೆಯುವ ಯಂತ್ರದ ಪಕ್ಕದ ಬುಟ್ಟಿಗೆ ಬೀಳುತ್ತದೆ. ಮಾರ್ಲೂಸ್ ಇದನ್ನು ನನಗೆ ಹಾಕಿ ತೋರಿಸಿದಳು, ಎರಡು ಸಲ.

"ಎಷ್ಟ್ ಜಾಣತನ ಅಲ್ವಾ?" ಎಂದಳು.

"ಹೌದು," ಎಂದೆ. ಥೂ, ಹೌದು ಎಂದೆ.

ಗೃಹಪ್ರವೇಶದ ಪಾರ್ಟಿ ಜೂನ್ ತಿಂಗಳಲ್ಲಿ. ಕೆಳಗಿನ ಮಹಡಿಗಳು ಮುಗಿದಿದ್ದವು, ರೆಕ್ಕೆಗಳ ಹಿಂದಿನ ಟೊಪ್ಪಿಗೆಯ, ಅಂದರೆ ತುದಿಯ ತಿರುಗುವ ಕೋಣೆಯ, ಕೆಲಸವೊಂದು ಬಾಕಿ. ನನ್ನನ್ನು ಕರೆದರು. ಫೋಕ್ಕೊನನ್ನು ಕರೆಯಲಿಲ್ಲ. ಅವನ ಮುಖ ಯಾವಾಗಲೂ ಸ್ವಲ್ಪ ಗಂಟಿಕ್ಕಿದ ಹಾಗಿರುತ್ತದೆ, ಅವತ್ತು ಸಂತೋಷದ ದಿನವಲ್ಲವೇ ಎಂದು ಮಾರ್ಲೂಸ್ ಹೇಳಿದಳು. ನಾನು ನೀಲಿ ಕೋಟು ಹಾಕಿಕೊಂಡು ಹೋದೆ. ಊರಿನವರು ಒಬ್ಬರೂ ಇರಲಿಲ್ಲ, ಎಲ್ಲ ಪೇಟೆಯವರು. ಎರಡು ಲೋಟ ಒಳಗೆ ಹೋದ ಮೇಲೆ ರುಟ್ಗರ್ ನನ್ನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಇವಳು ಇಲ್ಲೇ ಹುಟ್ಟಿದವಳು. ಗಿರಣಿ ಕೈಲಿ ಮಾತಾಡಿಸ್ತಾಳೆ. ಹಿಲ್ಕೆ, ನಮಗೋಸ್ಕರ ಒಂದ್ಸಲ?"

ಐವತ್ತು ಜನ ನನ್ನ ಕಡೆ ತಿರುಗಿದರು. ನನ್ನ ಜೀವಮಾನದಲ್ಲಿ ಅಷ್ಟು ಜನ ನನ್ನ ಕಡೆ ತಿರುಗಿದ್ದಿಲ್ಲ. ರಸ್ತೆಯ ಕಡೆಯಿಂದ ಹಗುರ ಗಾಳಿ ಬೀಸುತ್ತಿತ್ತು, ಗಿರಣಿಯ ಮುಖವೂ ರಸ್ತೆಯ ಕಡೆಗಿತ್ತು. ತಡೆ ಬಿಟ್ಟೆ. ರೆಕ್ಕೆಗಳು ಸುಯ್ಯೆಂದು ಎದ್ದವು. ಏಳೆಂಟು ಸುತ್ತು ಬಿಟ್ಟು ಹಗ್ಗ ಎಳೆದು ಸಂತೋಷಕ್ಕೆ ನಿಲ್ಲಿಸಿದೆ, ನನ್ನ ಹಳೆಯ ಹೆದರಿಕೆಯಂತೆ ಒಂದು ಮೊಳ ಮುಂಚೆ. ಜನ ಚಪ್ಪಾಳೆ ತಟ್ಟಿದರು. ನಾನು ಬಾಗಿ ನಮಸ್ಕಾರ ಮಾಡಿದೆ, ನಾಟಕದವರು ಮಾಡುವ ಹಾಗೆ. ನೆನೆಸಿಕೊಂಡರೆ ನನ್ನ ಬೆನ್ನನ್ನು ನಾನೇ ಮುರಿದುಹಾಕಬೇಕು ಅನ್ನಿಸುತ್ತದೆ.

ಮುಂದಿನ ವಾರ ಕೆಲಸಗಾರರು ಬಂದು ಅಚ್ಚುಮರಕ್ಕೆ ನನ್ನ ಮುಂಗೈ ದಪ್ಪದ ಬೋಲ್ಟುಗಳನ್ನು ಹೊಡೆದು, ರೆಕ್ಕೆಗಳನ್ನು ಹಾಗೆಯೇ ಬಿಗಿದುಬಿಟ್ಟರು. ಗಿರಣಿಯ ಟೊಪ್ಪಿಗೆಯೊಳಗೆ ಬಚ್ಚಲುಮನೆ ಎದ್ದಿತು. ದೊಡ್ಡ ಹಲ್ಲುಚಕ್ರದ ಕೆಳಗೇ ಸ್ನಾನದ ತೊಟ್ಟಿ. ಅದು ಹಿಡಿಸಲಿ ಎಂದು ಚಕ್ರದ ಹತ್ತು ಹಲ್ಲು ಗರಗಸದಿಂದ ಕೊಯ್ದರು. ಅಚ್ಚುಮರದ ಪಕ್ಕ ಕಕ್ಕಸು. ಅದರ ಕೊಳವೆಯನ್ನು ಹಿಂಭಾಗದ ಜೊಂಡು ಕೊರೆದು ಹೊರಗೆ ಇಳಿಸಿ ಗೋಡೆಗೆ ಬಿಗಿದರು. ಟೊಪ್ಪಿಗೆ ಗಾಳಿಯ ಕಡೆ ತಿರುಗುವ ಗಿರಣಿ ಇದು. ಈಗ ಆ ಕೊಳವೆಯಿಂದಾಗಿ ಒಂದು ಅಂಗುಲವೂ ತಿರುಗುವಂತಿಲ್ಲ. ಶನಿವಾರದ ಮಾತು ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, "ಮನಸ್ಸಿನಲ್ಲಿ ತಿರುಗ್ತಾನೇ ಇದೆ ಕಣೇ," ಎಂದ ರುಟ್ಗರ್. ಜೊತೆಗೆ ರೆಕ್ಕೆಗಳಿಗೆ ಉದ್ದಕ್ಕೂ ಬಣ್ಣದ ದೀಪ ಹಾಕಿಸಿದ.

ಹೀಗೆ ಆರು ವರ್ಷ ಬೂದು ಕೋಳಿ ಸಂತೋಷಪಟ್ಟಿತು. ಹಗಲೂ ರಾತ್ರಿ, ಬೇಸಿಗೆ ಚಳಿಗಾಲ, ಬಿಡದೆ. ಶಾಲೆಯ ಮೇಷ್ಟರನ್ನು ಒಯ್ಯುವಾಗ ಅದು ಸಂತೋಷಪಡುತ್ತಿತ್ತು. ದನ ಸಾಕುವ ಸೀಬ್ರಾಂಡ್ ತನ್ನ ಹೆಂಡತಿ ಆನಿಯನ್ನು ಒಯ್ಯುವಾಗಲೂ ಅದು ಬಲಕ್ಕೆ ವಾಲಿ ಹಲ್ಲು ಕಿರಿಯುತ್ತಿತ್ತು. ಅವನು ಶವದ ಹಿಂದೆ ನಡೆಯುತ್ತಿದ್ದವನು ಒಮ್ಮೆ ತಲೆ ಎತ್ತಿ ನೋಡಿ ರಸ್ತೆಗೆ ಉಗಿದ.

"ಆ ಪೇಟೆ ಕತ್ತೆಗೇನ್ ಗೊತ್ತು," ಎಂದ ನನ್ನ ಕಡೆ ತಿರುಗಿ.

"ಕತ್ತೆಗೇನ್ ಗೊತ್ತು," ಎಂದೆ ನಾನೂ. ರೆಕ್ಕೆ ಹಾಗೆ ನಿಲ್ಲಿಸಿದ್ದು ರುಟ್ಗರ್ ಎಂದೇ ಊರು ತಿಳಿದಿತ್ತು. ತಿಳಿದುಕೊಳ್ಳಲಿ ಎಂದು ಬಿಟ್ಟೆ. ಫೋಕ್ಕೊ ಕುರ್ಚಿಯನ್ನು ಕಿಟಕಿಯಿಂದ ತಿರುಗಿಸಿ ಗೋಡೆಗೆ ಮುಖ ಮಾಡಿ ಹಾಕಿಕೊಂಡ. ಭಾನುವಾರ ಸಾಸಿವೆ ಸೂಪ್ ತೆಗೆದುಕೊಂಡು ಹೋದಾಗ ನಾನು ಅವನಿಗೂ ಕಿಟಕಿಗೂ ನಡುವೆ ಕೂರುತ್ತಿದ್ದೆ. ಗಿರಣಿಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಈ ಜನವರಿಯಲ್ಲಿ ಫೋಕ್ಕೊನ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆ ಬೇಡ ಎಂದ. ಡಾಕ್ಟರು ಎರಡು ವಾರ, ಹೆಚ್ಚೆಂದರೆ ಮೂರು ಎಂದರು. ಅವನು ನನ್ನನ್ನು ಹಾಸಿಗೆಯ ಹತ್ತಿರ ಕರೆದು ಒಂದೇ ಒಂದು ಕೇಳಿದ.

"ನನ್ನ ಒಯ್ಯೋ ದಿನ ಅದು ಎಡಕ್ಕೆ ವಾಲ್ಬೇಕು, ಹುಡುಗೀ. ಒಂದೇ ದಿನ ಸಾಕು. ಅಪ್ಪಂಗೆ ವಾಲಿತ್ತು, ಅಮ್ಮಂಗೆ ವಾಲಿತ್ತು. ನಾನು ಊರೋರಿಗೆಲ್ಲ ಮಾಡ್ದೆ. ನನಗೆ ಸಂತೋಷ ತೋರಿಸ್ಬೇಡಿ."

ಅರವತ್ತೊಂಬತ್ತು ವರ್ಷದವಳನ್ನು ಹುಡುಗಿ ಎನ್ನುವವರು ನನಗೆ ಉಳಿದಿದ್ದದ್ದು ಅವನೊಬ್ಬನೇ. ಆಗಲಿ ಎಂದೆ. ಆಗದೆ ಏನು, ಒಂದು ದಿನದ ಮಾತು.

ಮರುದಿನ ಬೆಳಿಗ್ಗೆ ಗಿರಣಿಗೆ ಹೋದೆ. ರುಟ್ಗರ್ ಕೆಟ್ಟವನಲ್ಲ, ಅದೇ ದೊಡ್ಡ ಕಿರಿಕಿರಿ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಕಾಫಿ ಕೊಟ್ಟ, ಬಿಸ್ಕತ್ತು ಒಂದಲ್ಲ ಎರಡು ಕೊಟ್ಟ, ಕಣ್ಣಲ್ಲಿ ನೀರು ತಂದುಕೊಂಡ. ನಂತರ ನನ್ನನ್ನು ಮೇಲೆ ಟೊಪ್ಪಿಗೆಯವರೆಗೆ ಕರೆದುಕೊಂಡು ಹೋದ, ಆಗದಿರುವುದು ಏಕೆಂದು ನಾನೇ ನೋಡಲಿ ಎಂದು. ಆರು ವರ್ಷದಲ್ಲಿ ನಾನು ಅಲ್ಲಿಗೆ ಹತ್ತಿರಲಿಲ್ಲ.

ಬಾಗಿಲು ತೆಗೆದ ಕೂಡಲೇ ಲ್ಯಾವೆಂಡರ್ ಎಣ್ಣೆಯ ಹಬೆ ಮುಖಕ್ಕೆ ಹೊಡೆಯಿತು. ಅದರ ಕೆಳಗೆ ಒದ್ದೆ ಮರ ಕೊಳೆಯುವ ವಾಸನೆ. ಅಪ್ಪ ಬಿರುಗಾಳಿಗಳ ತಾರೀಖು ಚಾಕುವಿನಲ್ಲಿ ಕೆತ್ತಿದ್ದ ತೊಲೆಗೆ ಬಿಳಿ ಬಣ್ಣ ಬಳಿದು ಟವೆಲ್ಲಿನ ಕೊಕ್ಕೆ ಹೊಡೆದಿದ್ದರು. ಹಲ್ಲುಚಕ್ರದ ಕೊಯ್ದ ಜಾಗದಲ್ಲಿ ಸೋಪಿನ ಡಬ್ಬಿಗಳು. ತೊಟ್ಟಿಯ ತೂತಿನಲ್ಲಿ ಕೂದಲಿನ ಗಂಟು, ಅಂಚಿನಲ್ಲಿ ಬೂದು ಪಾಚಿ. ಅಚ್ಚುಮರವನ್ನು ನಾವು ವರ್ಷಕ್ಕೆರಡು ಸಲ ಹಂದಿ ಕೊಬ್ಬು ಸವರಿ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೆವು. ಈಗ ಕಕ್ಕಸಿನ ಮೇಲೆ ಕೂತವರು ಅದಕ್ಕೆ ಮೊಣಕೈ ಊರಿ ಪತ್ರಿಕೆ ಓದುತ್ತಾರೆ. ಪತ್ರಿಕೆಗಳು ಅಲ್ಲೇ ಇದ್ದವು.

"ನೋಡು," ಎಂದ ರುಟ್ಗರ್, ಬೋಲ್ಟುಗಳನ್ನು ತಟ್ಟಿ. "ಇದನ್ನ ಬಿಚ್ಚಿದ್ರೂ ಚಕ್ರ ತಿರುಗೋದಕ್ಕೆ ತೊಟ್ಟಿ ತೆಗೀಬೇಕು. ತೊಟ್ಟಿ ತೆಗೆದ್ರೆ ನಲ್ಲಿ, ಕೊಳವೆ, ನೆಲ ಎಲ್ಲ ಕೀಳ್ಬೇಕು. ಏಪ್ರಿಲ್ ತನಕ ಕೆಲಸದವ್ರು ಸಿಗಲ್ಲ."

"ಏಪ್ರಿಲ್ ತನಕ ಅವನು ಇರಲ್ಲ."

"ನನಗೆ ಅರ್ಥ ಆಗುತ್ತೆ ಹಿಲ್ಕೆ. ನಿಜವಾಗ್ಲೂ." ಅವನು ಯೋಚಿಸಿದ. "ಅವತ್ತು ರೆಕ್ಕೆ ದೀಪ ಆರಿಸ್ತೀವಿ. ಇಡೀ ದಿನ."

ಟವೆಲ್ ಸುತ್ತಿಕೊಂಡು ಏಣಿಯ ಬುಡದಲ್ಲಿ ನಿಂತಿದ್ದ ಮಾರ್ಲೂಸ್, "ಬಾಗಿಲಲ್ಲಿ ಪರಿಮಳದ ಮೇಣದಬತ್ತಿಯನ್ನೂ ಹಚ್ಚಬಹುದು," ಎಂದಳು.

"ಹಗಲು ಹೊತ್ತು ದೀಪ ಆರಿಸಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದೆ. ಸಿಟ್ಟಿನಿಂದ ನನ್ನ ಮಾತು ತಡವರಿಸುತ್ತಿತ್ತು. "ಯಾಕೆ ಹಿಂಗೆ ಬಿಗಿಸ್ದೆ ನೀನು? ಶಿಲುಬೆ ಥರ ನೆಟ್ಟಗೆ ನಿಲ್ಸಿದ್ರೂ ಆಗ್ತಿತ್ತಲ್ಲ. ಯಾಕೆ ಸಂತೋಷಕ್ಕೇ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನೀನೇ ನಿಲ್ಸಿದ್ದಲ್ವಾ? ಅವತ್ತು ಪಾರ್ಟೀಲಿ. ನೀನು ಕೊಟ್ಟ ಉಡುಗೊರೆ ಅಂತ ನಾವು ಒಂದು ಕೂದಲಷ್ಟೂ ಅಲುಗದ ಹಾಗೆ ಉಳಿಸ್ಕೊಂಡಿದೀವಿ."

ನಾನು ಇಳಿದು ಬಂದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಉಣ್ಣುತ್ತಿದ್ದವನು ಮಾತ್ರ ನಾನಲ್ಲ, ಫೋಕ್ಕೊ.

ಅವನ ಮನೆಗೆ ಹೋದಾಗ ದಿಂಬಿಗೆ ಒರಗಿ ಕೂತಿದ್ದ. ನನ್ನ ಮುಖ ನೋಡಿದ್ದೇ ಅವನಿಗೆ ಸಾಕಾಯಿತು.

"ಆಗಲ್ಲ ಅಂದ್ನಾ?"

"ಸ್ನಾನದ ತೊಟ್ಟಿ ಅಡ್ಡ ಇದೆ."

ಅವನ ಎದೆಯಿಂದ ಗೊರಗೊರ ಎಂದು ಸದ್ದು ಬಂತು. ಕೆಮ್ಮು ಎಂದು ನೀರು ತರಲು ಎದ್ದೆ. ಕೆಮ್ಮಲ್ಲ, ನಗುತ್ತಿದ್ದ.

"ನೂರ ಎಪ್ಪತ್ತು ವರ್ಷದ ಬಿರುಗಾಳಿಗೆ ಬಗ್ಗದ್ದು, ಬಚ್ಚಲು ತೊಟ್ಟಿಗೆ ಬಗ್ತಲ್ಲೇ."

ನಾನು ಕೂತೆ. ನೆಲ ನೋಡಿಕೊಂಡು, "ಫೋಕ್ಕೊ, ಅದನ್ನ ಹಾಗೆ ನಿಲ್ಸಿದ್ದು..." ಎಂದು ಶುರುಮಾಡಿದೆ.

"ನೀನು," ಎಂದ ಅವನು. "ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಒಂದು ಮೊಳ ಮುಂಚೆ ನಿಂತಿದೆ. ಇಡೀ ಪ್ರಪಂಚದಲ್ಲಿ ಅಷ್ಟು ಹೆದರಿಕೊಂಡು ಸಂತೋಷ ಪಡೋರು ಇನ್ಯಾರಿದ್ದಾರೆ? ಅವತ್ತು ಸಂಜೇನೇ ಕಿಟಕಿಯಿಂದ ನೋಡ್ದೆ. ಕುರ್ಚಿ ತಿರುಗಿಸ್ದೆ."

ಕುರ್ಚಿ ತಿರುಗಿಸಿದ್ದು ಗಿರಣಿ ಹೋಯಿತೆಂಬ ದುಃಖಕ್ಕೆ ಎಂದು ನಾನು ಆರು ವರ್ಷ ನಂಬಿದ್ದೆ.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀನು ಭಾನುವಾರ ಸೂಪ್ ತರೋದು ಬಿಡ್ತಿದ್ದೆ," ಎಂದ. ಸ್ವಲ್ಪ ಉಸಿರು ಎಳೆದುಕೊಂಡು ಮುಂದುವರಿಸಿದ. "ನಿನ್ನ ಮೇಲೆ ಅಸಹ್ಯ ಆಗಿತ್ತು, ಹುಡುಗೀ. ಸುಳ್ಳು ಯಾಕೆ ಹೇಳ್ಲಿ. ಒಂದು ವರ್ಷ ಪೂರ್ತಿ. ಸೂಪ್ ಕುಡಿದೆ, ಆದ್ರೆ ಅಸಹ್ಯ ಪಟ್ಕೊಂಡೇ ಕುಡಿದೆ. ಆಮೇಲೆ ಬರೀ ಸೂಪ್ ಕುಡಿದೆ."

ನಾನು ಅತ್ತೆ. ಅವನು ಅಳಬೇಡ ಎನ್ನಲಿಲ್ಲ, ನಮ್ಮ ಮನೆಯಲ್ಲಿ ಅದರ ರೂಢಿಯಿಲ್ಲ. ಅಳು ಮುಗಿಯುವವರೆಗೆ ಕಾದು, ಕಿಟಕಿಯ ಗಾಜಿಗೆ ಹಬೆ ಊದು ಎಂದ. ಊದಿದೆ. ಅದರ ಮೇಲೆ ಗಿರಣಿಯ ಚಿತ್ರ ಬರಿ, ರೆಕ್ಕೆ ಬಲಕ್ಕೆ ವಾಲಿಸಿ ಬರಿ ಎಂದ. ಬರೆದೆ.

"ಈಗ ಹೊರಗೆ ಹೋಗಿ ಆ ಕಡೆಯಿಂದ ನೋಡು."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಅದೇ ಗಾಜಿನ ಹೊರಮೈ ನೋಡಿದೆ. ರೆಕ್ಕೆ ಎಡಕ್ಕೆ ವಾಲಿತ್ತು. ಗಿರಣಿಯಲ್ಲಿ ಹುಟ್ಟಿ ಬೆಳೆದವಳು ನಾನು. ಗಿರಣಿಯ ಬೆನ್ನಿನ ಕಡೆ ನಿಂತು ರೆಕ್ಕೆ ಓದಬಹುದು ಎಂಬುದು ನನಗೆ ಎಂದೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಯಾರೂ ಯಾವ ಕಾಲದಲ್ಲೂ ಹಿಂದಿನಿಂದ ಓದಿದವರಿಲ್ಲ.

ಒಳಗೆ ಬಂದಾಗ ಫೋಕ್ಕೊ ಕಣ್ಣು ಮುಚ್ಚಿದ್ದ.

"ನನ್ನನ್ನ ಗಿರಣಿ ಹಿಂದುಗಡೆ ದಾರೀಲಿ ಒಯ್ಯಿರಿ. ಕಾಲುವೆ ದಂಡೆ ಮೇಲೆ."

"ಅದೆಂಥ ದಾರಿ? ಸೀಬ್ರಾಂಡನ ದನದ ಜಾಡು ಅದು. ಮೊಣಕಾಲು ತನಕ ಕೆಸರು, ಸಗಣಿ."

"ನಡೆಯೋರು ನೀವು. ನನಗೇನು." ಒಂದು ಕಣ್ಣು ತೆರೆದ. "ಇನ್ನೊಂದು. ನೀನು ಒಂದು ಮೊಳ ಮುಂಚೆ ನಿಲ್ಸಿದೀಯಲ್ಲ, ಹಿಂದಿನಿಂದ ಅದು ಒಂದು ಮೊಳ ಹೆಚ್ಚು ದುಃಖ. ಅಪ್ಪಂಗೂ ಇಷ್ಟು ಸಿಕ್ಕಿರ್ಲಿಲ್ಲ."

ಫೆಬ್ರವರಿಯ ಎರಡನೇ ಗುರುವಾರ ಮಧ್ಯಾಹ್ನ ಅವನು ಸತ್ತ.

ಪಾದ್ರಿಗಳು ಒಪ್ಪಲಿಲ್ಲ. ಒಳ್ಳೆಯ ಡಾಂಬರು ರಸ್ತೆ ಇರುವಾಗ ಶವವನ್ನು ದನದ ಜಾಡಿನಲ್ಲಿ ಒಯ್ಯುವುದು ಮರ್ಯಾದೆಯಲ್ಲ ಎಂದರು. ಊರಿನವರೂ ಮುಖಮುಖ ನೋಡಿಕೊಂಡರು. ಆಗ ಕಾರಣ ಹೇಳಬೇಕಾಯಿತು. ಕಾರಣ ಹೇಳುವಾಗ ಉಳಿದದ್ದನ್ನೂ ಹೇಳಿದೆ: ಪಾರ್ಟಿ, ಹಗ್ಗ, ಚಪ್ಪಾಳೆ, ನಾನು ಬಾಗಿದ್ದು. ಇಗರ್ಜಿಯ ಅಂಗಳದಲ್ಲಿ ಹತ್ತು ಹನ್ನೆರಡು ಜನ ಇದ್ದರು. ಸೀಬ್ರಾಂಡ್ ನನ್ನನ್ನು ಬಹಳ ಹೊತ್ತು ನೋಡಿದ. ಅವನ ಆನಿಯನ್ನು ಒಯ್ದ ದಿನ ನಾನು ಅವನ ಪಕ್ಕದಲ್ಲಿ ನಡೆಯುತ್ತಾ ಏನೆಂದಿದ್ದೆ ಎಂಬುದು ನಮ್ಮಿಬ್ಬರಿಗೂ ನೆನಪಿತ್ತು. ಉಗಿಯುತ್ತಾನೆ ಎಂದುಕೊಂಡೆ. ಉಗಿಯಲಿಲ್ಲ.

"ದನ ಅವತ್ತು ಕೊಟ್ಟಿಗೇಲಿ ಕಟ್ತೀನಿ," ಎಂದ ಪಾದ್ರಿಗಳಿಗೆ. "ನನ್ನ ಹುಲ್ಲಿನ ಗಾಡಿ ತಗೊಳ್ಳಿ. ಕಾರು ಆ ಜಾಡಲ್ಲಿ ಹೂತ್ಕೊಳುತ್ತೆ." ನನ್ನ ಜೊತೆ ಮಾತಾಡಲಿಲ್ಲ. ಇವತ್ತಿಗೂ ಆಡಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಹುಲ್ಲಿನ ಗಾಡಿಯ ಮೇಲೆ ಪೆಟ್ಟಿಗೆ, ಸುತ್ತ ಆರು ಜನ ಗಾಡಿಗೆ ಕೈ ಹಚ್ಚಿ, ಹಿಂದೆ ನಾವು ಮೂವತ್ತು ಮಂದಿ ಕಪ್ಪು ಕೋಟು ಹಾಕಿ, ಕಾಲಿಗೆ ಹಸು ಕರೆಯುವವರ ರಬ್ಬರ್ ಬೂಟು ಹಾಕಿ. ಕೆಸರು ಎಂದರೆ ಅಂತಿಂಥ ಕೆಸರಲ್ಲ. ಒಂದೊಂದು ಹೆಜ್ಜೆಗೂ ಬೂಟು ಕಚ್ಚಿ ಹಿಡಿದು ಪಚಕ್ಕೆಂದು ಬಿಡುತ್ತಿತ್ತು. ಸಗಣಿ ಸಿಡಿದು ಪಾದ್ರಿಗಳ ನಿಲುವಂಗಿಯ ಅಂಚು ಹಸಿರಾಯಿತು. ನನಗೆ ಆ ಸಗಣಿ ಒಂದಿಷ್ಟೂ ಹೇಸಿಗೆಯಾಗಲಿಲ್ಲ. ಹೇಸಿಗೆ ಮುಂದಿತ್ತು.

ಗಿರಣಿಯ ಬೆನ್ನಿಗೆ ಬಂದೆವು. ಈ ಕಡೆಯನ್ನು ಯಾರಾದರೂ ನೋಡಿಯಾರು ಎಂದು ಆ ಮನೆಯವರು ಎಣಿಸಿಯೇ ಇರಲಿಲ್ಲ. ಜೊಂಡು ಕರಿಯಾಗಿ ಕಂತೆ ಕಂತೆ ಜಾರಿತ್ತು. ಕಕ್ಕಸಿನ ಕೊಳವೆ ಮೇಲಿನಿಂದ ಕೆಳಗಿನವರೆಗೆ ಬೆನ್ನುಮೂಳೆಯ ಹಾಗೆ ಇಳಿದಿತ್ತು. ಅದರ ಕೀಲುಗಳಲ್ಲಿ ಒಸರಿ ಒಸರಿ ಹೊದಿಕೆಯ ಮೇಲೆ ಕಂದು ಕಲೆಗಳು, ಅವುಗಳ ಮೇಲೆ ಹಸಿರು ಲೋಳೆ. ಬುಡದಲ್ಲಿ ಖಾಲಿ ಬಾಟಲಿ, ಹಳೆಯ ಹಾಸಿಗೆ. ವಾಸನೆಗೆ ಹೆಂಗಸರು ಕರವಸ್ತ್ರ ತೆಗೆದರು. ಮೇಲೆ ಟೊಪ್ಪಿಗೆಯ ಪುಟ್ಟ ಕಿಟಕಿಗೆ ಹಬೆ ಕಟ್ಟಿತ್ತು.

ಅದರ ಮೇಲೆ, ಎಲ್ಲದರ ಮೇಲೆ, ರೆಕ್ಕೆ. ಎಡಕ್ಕೆ. ನೆತ್ತಿ ದಾಟಿ ಚೆನ್ನಾಗಿ ಎಡಕ್ಕೆ ವಾಲಿತ್ತು, ಭಾರ ಹೊತ್ತು ಸಾಕಾದವನು ತಲೆ ಬಗ್ಗಿಸಿದ ಹಾಗೆ.

ಸೀಬ್ರಾಂಡ್ ಗಾಡಿ ನಿಲ್ಲಿಸಿ ಟೋಪಿ ತೆಗೆದ. ಎಲ್ಲರೂ ತೆಗೆದರು. ಆರು ವರ್ಷದಿಂದ ಈ ಊರಿನಲ್ಲಿ ಯಾವ ಹೆಣಕ್ಕೂ ಗಿರಣಿ ತಲೆ ಬಗ್ಗಿಸಿರಲಿಲ್ಲ. ಸೀಬ್ರಾಂಡನ ತುಟಿ ಅಲುಗಿದ್ದು ಕಂಡೆ, ಆನಿಯ ಹೆಸರು ಇರಬೇಕು. ಅಷ್ಟರಲ್ಲಿ ಮೇಲೆ ಯಾರೋ ತೊಟ್ಟಿಯ ಬಿರಡೆ ಕಿತ್ತರು. ನೀರು ಗೊಳಗೊಳ ಎಂದು ಕೊಳವೆಯಲ್ಲಿ ಮೂರು ಮಹಡಿ ಇಳಿದು, ಕೀಲುಗಳಲ್ಲಿ ಚಿಮ್ಮಿ, ನಮ್ಮ ಮುಂದಿನ ಗುಂಡಿಗೆ ಲ್ಯಾವೆಂಡರ್ ವಾಸನೆಯ ನೊರೆಯಾಗಿ ಸುರಿಯಿತು. ಪೂರ್ತಿ ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಕೊನೆಯಲ್ಲಿ ತೇಗಿದ ಹಾಗೆ ಒಂದು ಸದ್ದು. ಯಾರೂ ನಗಲಿಲ್ಲ. ಯಾರೂ ಟೋಪಿ ಹಾಕಿಕೊಳ್ಳಲಿಲ್ಲ. ಅದು ನಿಂತ ಮೇಲೆ ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು.

ಮಣ್ಣು ಮಾಡಿ, ಕಾಫಿ ಕೇಕು ಮುಗಿಸಿ, ನಾನು ಡಾಂಬರು ರಸ್ತೆಯಲ್ಲಿ ಒಬ್ಬಳೇ ಮನೆಗೆ ಹೊರಟೆ. ಗಿರಣಿಯ ಬಾಗಿಲಲ್ಲಿ ರುಟ್ಗರ್ ನಿಂತಿದ್ದ, ಕಪ್ಪು ಟೈ ಕಟ್ಟಿಕೊಂಡು. ಬದಿಯಲ್ಲಿ ಮೇಣದಬತ್ತಿ ಉರಿದು ತಳ ಮುಟ್ಟಿತ್ತು. ರೆಕ್ಕೆಯ ದೀಪಗಳು ಆರಿದ್ದವು, ಮಾತು ಉಳಿಸಿಕೊಂಡಿದ್ದ. ನನ್ನನ್ನು ಕಂಡು ಓಡಿ ಬಂದ.

"ಒಂಬತ್ತರಿಂದ ಕಾಯ್ತಾ ಇದೀನಿ. ಹತ್ತಿರದ ನೆರೆಯವನು ನಾನಲ್ವಾ, ಹೆಗಲು ಕೊಡೋಣ ಅಂತ. ಶವ ಬರ್ಲೇ ಇಲ್ಲ. ಯಾವ ಕಡೆಯಿಂದ ಹೋದ್ರಿ?"

"ಹಿಂದಿನಿಂದ."

"ಯಾಕೆ?"

"ನಿನ್ನ ಮನೆ ಅಲ್ಲಿಂದ ಮಾತ್ರ ಗಿರಣಿ ಥರ ಕಾಣುತ್ತೆ," ಎಂದೆ.

ಅವನ ಮುಖ ಅರಳಿತು. ಈ ಸಾಲು ಚರಿತ್ರೆಯಲ್ಲಿ ಬರಲೇಬೇಕು ಎಂದ. ಬರೆದೆ, ಏಕೆ ಎಂಬುದನ್ನೂ ಸೇರಿಸಿ ಬರೆದೆ. ಅದರ ಮೇಲೆಯೇ ಎರಡು ಹಸಿರು ಗೆರೆ ಬಿದ್ದದ್ದು.

ಆಮೇಲೆ ಊರಿನಲ್ಲಿ ಇನ್ನೂ ಎರಡು ಸಾವಾಗಿವೆ. ಎರಡನ್ನೂ ದನದ ಜಾಡಿನಲ್ಲೇ ಒಯ್ದರು. ಸೀಬ್ರಾಂಡ್ ಮೊದಲೇ ಹೋಗಿ ಒಣಹುಲ್ಲು ಹರವುತ್ತಾನೆ. ನನ್ನನ್ನೂ ಒಂದು ದಿನ ಅದೇ ಜಾಡಿನಲ್ಲಿ ಒಯ್ಯುತ್ತಾರೆ ಎಂದುಕೊಂಡಿದ್ದೇನೆ. ಕೇಳುವ ಧೈರ್ಯ ಬಂದಿಲ್ಲ.

ಅಲ್ಲಿಯವರೆಗೆ ರೊಟ್ಟಿ ತರಲು ದಿನಾ ಮುಂದಿನ ರಸ್ತೆಯಲ್ಲೇ ಹೋಗಬೇಕು. ದಿನಾ ಅದು ಬಲಕ್ಕೆ ವಾಲಿ ನನ್ನನ್ನು ನೋಡಿ ಸಂತೋಷಪಡುತ್ತದೆ. ಬೋಲ್ಟು ಅವನದು. ಆ ಒಂದು ಮೊಳ ನನ್ನದು.